ಶಾಲೆಯ ಸ್ಪೀಚ್ ಥೆರಪಿಸ್ಟ್: ಮೊದಲ ವರ್ಷ ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ವಾಕ್ ಮತ್ತು ಭಾಷಾ ಚಿಕಿತ್ಸೆಯಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದ್ದೇನೆ. ತರಬೇತಿಯೆಲ್ಲ ಆಸ್ಪತ್ರೆಯಲ್ಲೇ ಆಯಿತು. ಈಗ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿದೆ. ಹಿಂದೆ ಇದ್ದವರು ಬಿಟ್ಟುಹೋದ ಪಟ್ಟಿಯಲ್ಲಿ ಅರವತ್ತು ಮಕ್ಕಳಿದ್ದಾರೆ. ಈ ವಿಷಯ ಬಲ್ಲವರು ಆ ಶಾಲೆಯಲ್ಲಿ ನನ್ನನ್ನು ಬಿಟ್ಟು ಬೇರೆ ಯಾರೂ ಇಲ್ಲ. ಎಲ್ಲಿಂದ ಆರಂಭಿಸಬೇಕು, ಯಾವ ಪರೀಕ್ಷಾ ಸಾಮಗ್ರಿ ಕೊಳ್ಳಬೇಕು ಎಂದು ತಿಳಿಯುತ್ತಿಲ್ಲ. ಆಸ್ಪತ್ರೆ ಬಿಟ್ಟು ಶಾಲೆಗೆ ಹೋದರೆ ಕಲಿತದ್ದೆಲ್ಲ ಮರೆತುಹೋಗುತ್ತದೆ ಎಂದು ಸಹಪಾಠಿಗಳು ಹೆದರಿಸುತ್ತಿದ್ದಾರೆ. ಹೌದೇ?

ಉತ್ತರ: ಕೊನೆಯದನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಉಳಿದ ಪ್ರಶ್ನೆಗಳ ಉತ್ತರ ಅದರೊಳಗೇ ಇದೆ. ನೀವು ಏನನ್ನೂ ಮರೆಯುವುದಿಲ್ಲ. ಒಂದು ಮಧ್ಯಾಹ್ನದೊಳಗೆ ಉಗ್ಗುವ ಹುಡುಗ, ಮಾತೇ ಬಾರದ ಆಟಿಸಂ ಇರುವ ಮಗು, ಸೀಳು ಅಂಗುಳದ ಶಸ್ತ್ರಚಿಕಿತ್ಸೆ ಆದ ಹುಡುಗಿ, ಓದಲು ಒದ್ದಾಡುವ ನಾಲ್ಕನೇ ತರಗತಿಯವನು ಇವರೆಲ್ಲರೂ ನಿಮ್ಮ ಎದುರು ಬಂದು ಕೂರುವ ಜಾಗ ಶಾಲೆ. ಅಷ್ಟು ಬಗೆಯ ಮಕ್ಕಳನ್ನು ಒಂದೇ ದಿನ ತೋರಿಸುವ ಆಸ್ಪತ್ರೆ ವಿಭಾಗಗಳು ಕಡಿಮೆ. ಮರೆಯಬೇಕಾದದ್ದು ಒಂದಿದೆ: ಮಗುವಿನಲ್ಲಿ ಏನು ಕೆಟ್ಟಿದೆ ಎಂದು ಮೊದಲು ಹುಡುಕುವ ಅಭ್ಯಾಸ.

ಆಸ್ಪತ್ರೆಗೆ ಮಗು ಬರುವುದೇ ತೊಂದರೆಗಾಗಿ. ತಾಯಿಯೋ ತಂದೆಯೋ ಕರೆತರುತ್ತಾರೆ, ತೊಂದರೆ ಏನೆಂದು ನೀವು ಕೇಳುತ್ತೀರಿ, ಅವರು ಹೇಳುತ್ತಾರೆ. ಶಾಲೆಗೆ ಮಗು ಬರುವುದು ಕಲಿಯಲು, ಗೆಳೆಯರೊಂದಿಗೆ ಇರಲು. ಅಲ್ಲಿ ನೀವು ಕೇಳಬೇಕಾದ ಪ್ರಶ್ನೆ ಒಂದೇ: ಮಾತಿನ ಅಥವಾ ಭಾಷೆಯ ಕಾರಣದಿಂದ ಈ ಮಗು ತರಗತಿಯಲ್ಲಿ, ಆಟದಲ್ಲಿ, ಗೆಳೆತನದಲ್ಲಿ ಏನನ್ನು ಮಾಡಲಾಗದೆ ಉಳಿದಿದೆ? ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಅಂಗೀಕರಿಸಿದ ವರ್ಗೀಕರಣದಲ್ಲಿ ದೇಹದ ನ್ಯೂನತೆ, ಅದರಿಂದ ಚಟುವಟಿಕೆಗೆ ಬಂದ ಮಿತಿ, ಜೀವನದಲ್ಲಿ ಭಾಗವಹಿಸಲು ಎದುರಾದ ಅಡ್ಡಿ ಎಂದು ಮೂರನ್ನು ಬೇರೆಬೇರೆಯಾಗಿ ನೋಡಿದ್ದಾರೆ. ಕಾಲೇಜಿನಲ್ಲಿ ಇದನ್ನು ಪರೀಕ್ಷೆಗೆ ಓದಿ ಮುಗಿಸಿರುತ್ತೀರಿ. ಶಾಲೆಯ ಕೆಲಸದಲ್ಲಿ ಈ ಮೂರನೆಯದೇ ಪ್ರತಿದಿನ ಕಣ್ಣೆದುರು ಇರಬೇಕು. ರಕಾರ ಸರಿಯಾಗಿ ಬಾರದಿದ್ದರೂ ಎಲ್ಲ ಪ್ರಶ್ನೆಗೂ ಕೈ ಎತ್ತುವ ಹುಡುಗ ಒಬ್ಬನಿದ್ದಾನೆ. ಉಚ್ಚಾರ ಸ್ಫಟಿಕದಂತಿದ್ದರೂ ವರ್ಷವಿಡೀ ಬಾಯಿ ತೆರೆಯದ ಹುಡುಗಿ ಪಕ್ಕದ ಬೆಂಚಿನಲ್ಲಿದ್ದಾಳೆ ಎಂದುಕೊಳ್ಳಿ. ನಿಮ್ಮ ಸಮಯ ಮೊದಲು ಯಾರಿಗೆ ಸಲ್ಲಬೇಕು? ಆಸ್ಪತ್ರೆಯ ಕಣ್ಣು ಹುಡುಗನನ್ನು ಆರಿಸುತ್ತದೆ.

ಈಗ ಆ ಅರವತ್ತು ಹೆಸರುಗಳು. ಪಟ್ಟಿ ಸಿಕ್ಕಿದ ದಿನವೇ ಎಲ್ಲರನ್ನೂ ಹೊಸದಾಗಿ ಪರೀಕ್ಷೆ ಮಾಡಲು ಹೊರಡಬೇಡಿ. ಶಾಲಾ ವರ್ಷದ ಮೊದಲ ಅವಧಿಯ ಅರ್ಧ ಅದರಲ್ಲೇ ಕಳೆದುಹೋಗುತ್ತದೆ, ಮಕ್ಕಳಿಗೂ ಬೇಸರ. ಮೊದಲ ಎರಡು ವಾರ ಕಡತ ಓದಿ, ತರಗತಿಗಳಲ್ಲಿ ಕುಳಿತುಕೊಳ್ಳಿ. ಪ್ರತಿ ಮಗುವಿನ ಕಡತದಲ್ಲೂ ಮೊದಲು ಹುಡುಕಬೇಕಾದದ್ದು ಶ್ರವಣ ಪರೀಕ್ಷೆಯ ವರದಿ, ಅದೂ ಇತ್ತೀಚಿನದು. ಕಿವಿಯ ನಡುಭಾಗದಲ್ಲಿ ದ್ರವ ತುಂಬಿಕೊಳ್ಳುವ ತೊಂದರೆ ಚಿಕ್ಕ ಮಕ್ಕಳಲ್ಲಿ ಬಹಳ ಸಾಮಾನ್ಯ. ಅದರಿಂದ ಬರುವ ಶ್ರವಣದೋಷ ಏರಿಳಿಯುತ್ತಿರುತ್ತದೆ. ಇಂದು ಕೇಳಿದ ಮಗುವಿಗೆ ಮುಂದಿನ ತಿಂಗಳು ಸರಿಯಾಗಿ ಕೇಳದಿರಬಹುದು. ಶಿಕ್ಷಕರಿಗೆ ಅದು ಗಮನವಿಲ್ಲದಿರುವಿಕೆಯಾಗಿ ಕಾಣುತ್ತದೆ. ಶ್ರವಣ ವರದಿ ಇಲ್ಲದ ಮಕ್ಕಳನ್ನೆಲ್ಲ ಆಡಿಯಾಲಜಿಸ್ಟರ ಬಳಿಗೆ ಕಳುಹಿಸುವ ವ್ಯವಸ್ಥೆ ನಿಮ್ಮ ಮೊದಲ ಕೆಲಸವಾಗಲಿ. ಉಳಿದದ್ದೆಲ್ಲ ಆಮೇಲೆ.

ಕಡತ ಓದಿದಾಗ ಇನ್ನೊಂದೂ ಕಾಣಿಸುತ್ತದೆ. ಮೂರು ವರ್ಷದಿಂದ ಅದೇ ಧ್ವನಿಗೆ, ಅದೇ ಗುರಿಗೆ, ಅದೇ ವಾರಕ್ಕೊಂದು ಬಾರಿ ಬರುತ್ತಿರುವ ಮಕ್ಕಳು ಖಂಡಿತ ಇರುತ್ತಾರೆ. ಅವರಲ್ಲಿ ಕೆಲವರಿಗೆ ವಿಧಾನ ಬದಲಾಗಬೇಕು. ಇನ್ನು ಕೆಲವರನ್ನು ಪಟ್ಟಿಯಿಂದ ಬಿಡುಗಡೆ ಮಾಡಬೇಕು. ಬಿಡುಗಡೆ ಮಾಡಲು ಹೊಸಬರಿಗೆ ಧೈರ್ಯ ಸಾಲುವುದಿಲ್ಲ. ಯಾರಿಗೆ ಏನು ಅನ್ನಿಸುತ್ತದೋ ಎಂಬ ಅಳುಕು. ತರಗತಿಯಲ್ಲಿ ಎಲ್ಲರಂತೆ ಮಾತಾಡಿ, ಓದಿ, ಬರೆದು, ತನಗಾಗಲಿ ಕೇಳುವವರಿಗಾಗಲಿ ತೊಂದರೆ ಇಲ್ಲದಿರುವ ಮಗುವನ್ನು ವಾರಕ್ಕೊಮ್ಮೆ ಪಾಠದಿಂದ ಎಬ್ಬಿಸಿ ತರುವುದಕ್ಕೆ ಕಾರಣ ಬೇಕು. ಕಾರಣ ಬರೆಯಲಾಗದಿದ್ದರೆ ಪೋಷಕರೊಂದಿಗೂ ಶಿಕ್ಷಕರೊಂದಿಗೂ ಮಾತಾಡಿ, ಶಾಲೆಯ ನಿಯಮದ ಪ್ರಕಾರ ದಾಖಲಿಸಿ ಬಿಟ್ಟುಬಿಡಿ. ಖಾಲಿಯಾದ ಜಾಗಕ್ಕೆ ಕಾಯುತ್ತಿರುವವರು ಇದ್ದೇ ಇರುತ್ತಾರೆ, ಮತ್ತು ಅವರ ಹೆಸರು ಬಹುತೇಕ ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ಅವರನ್ನು ಕಾಣಬೇಕೆಂದರೆ ತರಗತಿಯ ಹಿಂದಿನ ಬೆಂಚಿನಲ್ಲಿ ಕೂರಬೇಕು. ಶಿಕ್ಷಕರು ನಿಮ್ಮ ಬಳಿಗೆ ಕಳುಹಿಸುವುದು ಮಾತಿನ ತಪ್ಪು ತಮ್ಮ ಕಿವಿಗೆ ಬೀಳುವ ಮಕ್ಕಳನ್ನು: ಸಕಾರ ತಪ್ಪುವವರು, ಉಗ್ಗುವವರು. ಭಾಷೆಯನ್ನೇ ಅರ್ಥಮಾಡಿಕೊಳ್ಳಲು ಕಷ್ಟಪಡುವ ಮಗು ಸದ್ದು ಮಾಡುವುದಿಲ್ಲ. ‘ಪುಸ್ತಕ ತೆಗೆಯಿರಿ, ನಲವತ್ತನೇ ಪುಟದ ಎರಡನೇ ಪ್ರಶ್ನೆ ಬಿಟ್ಟು ಉಳಿದದ್ದಕ್ಕೆ ಉತ್ತರ ಬರೆಯಿರಿ’ ಎಂದಾಗ ಆ ಮಗು ಪಕ್ಕದವರತ್ತ ಕಣ್ಣು ಹಾಯಿಸುತ್ತದೆ. ಅವರು ಪುಸ್ತಕ ತೆಗೆದರೆ ತಾನೂ ತೆಗೆಯುತ್ತದೆ, ಅವರು ಬರೆದರೆ ತಾನೂ ಪೆನ್ಸಿಲ್ ಹಿಡಿಯುತ್ತದೆ. ಎರಡನೇ ಪ್ರಶ್ನೆಗೂ ಉತ್ತರ ಬರೆದಿಟ್ಟಿರುತ್ತದೆ. ಶಿಕ್ಷಕರ ದೃಷ್ಟಿಯಲ್ಲಿ ಅದು ವಿಧೇಯ ಮಗು, ಸ್ವಲ್ಪ ನಿಧಾನ, ಅಷ್ಟೇ. ಬೇರೆ ಯಾವ ಕಾರಣವೂ ಇಲ್ಲದೆ ಭಾಷೆ ಕಲಿಯುವುದೇ ಕಠಿಣವಾಗುವ ಈ ಸ್ಥಿತಿಗೆ ದಶಕಗಳ ಕಾಲ ಒಬ್ಬೊಬ್ಬರು ಒಂದೊಂದು ಹೆಸರು ಕೊಡುತ್ತಿದ್ದರು. 2016 ಮತ್ತು 2017ರಲ್ಲಿ ಮನಶ್ಶಾಸ್ತ್ರಜ್ಞೆ ಡೊರೊಥಿ ಬಿಷಪ್ ಅವರ ಮುಂದಾಳತ್ವದ ತಜ್ಞರ ಗುಂಪು ಪ್ರಕಟಿಸಿದ ಒಮ್ಮತದ ನಂತರ ‘ಬೆಳವಣಿಗೆಯ ಭಾಷಾ ತೊಂದರೆ’ ಎಂಬ ಹೆಸರು ನೆಲೆಗೊಳ್ಳುತ್ತಿದೆ. ನೂರು ಮಕ್ಕಳಲ್ಲಿ ಸುಮಾರು ಏಳು ಮಂದಿಗೆ ಇದು ಇರುತ್ತದೆ ಎಂಬುದು ಅಧ್ಯಯನಗಳ ಅಂದಾಜು. ಅಂದರೆ ಮೂವತ್ತು ಮಕ್ಕಳ ಪ್ರತಿ ತರಗತಿಯಲ್ಲೂ ಸರಾಸರಿ ಇಬ್ಬರು. ನಿಮ್ಮ ಅರವತ್ತರ ಪಟ್ಟಿಯಲ್ಲಿ ಈ ಮಕ್ಕಳು ಎಷ್ಟಿದ್ದಾರೆ ಎಂದು ಎಣಿಸಿ ನೋಡಿ. ಹಿಂದಿನವರು ಹೇಗೆ ಕೆಲಸ ಮಾಡಿದ್ದರು ಎಂಬುದು ತಿಳಿಯುತ್ತದೆ.

ಹಿಂದಿನ ಬೆಂಚಿನಲ್ಲಿ ಕುಳಿತಾಗ ಗಮನಿಸಬೇಕಾದವು ಬೇರೆಯೂ ಇವೆ. ಒಂದು ಸೂಚನೆ ಎಷ್ಟು ಉದ್ದ? ಪಾಠದ ಯಾವ ಪದಗಳನ್ನು ವಿವರಿಸದೆ ಬಿಡಲಾಯಿತು? ಗುಂಪು ಚಟುವಟಿಕೆಯಲ್ಲಿ ಯಾವ ಮಗುವಿನ ಮಾತನ್ನು ಉಳಿದವರು ಕೇಳಿಸಿಕೊಳ್ಳದೆ ಮುಂದುವರಿದರು? ಮಗು ತಾನು ಕಂಡ ಘಟನೆಯೊಂದನ್ನು ಮೊದಲಿನಿಂದ ಕೊನೆಯವರೆಗೆ ಹೇಳಬಲ್ಲದೇ? ಇದನ್ನೆಲ್ಲ ಬರೆದುಕೊಳ್ಳಿ, ಆದರೆ ಶಿಕ್ಷಕರನ್ನು ತೂಗುತ್ತಿದ್ದೀರಿ ಎಂಬ ಭಾವನೆ ಬಾರದಂತೆ. ಹೊರಡುವ ಮುನ್ನ ಪುಟವನ್ನು ಅವರಿಗೇ ತೋರಿಸಿದರೆ ಆ ಅನುಮಾನ ಹುಟ್ಟುವುದಿಲ್ಲ.

ಪರೀಕ್ಷೆಗಳ ವಿಷಯಕ್ಕೆ ಬರುತ್ತೇನೆ. ಪ್ರಮಾಣಿತ ಪರೀಕ್ಷೆಗಳಲ್ಲಿ ಸರಾಸರಿ ಅಂಕವನ್ನು ಸಾಮಾನ್ಯವಾಗಿ 100 ಎಂದೂ ಪ್ರಮಾಣಿತ ವಿಚಲನೆಯನ್ನು, ಅಂದರೆ ಅಂಕಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂಬ ಅಳತೆಯನ್ನು, 15 ಎಂದೂ ಇಟ್ಟಿರುತ್ತಾರೆ. ಆ ಲೆಕ್ಕದಲ್ಲಿ 85ಕ್ಕಿಂತ ಕಡಿಮೆ ಪಡೆಯುವವರು ಆ ಪರೀಕ್ಷೆಯನ್ನು ಯಾವ ಸಮೂಹಕ್ಕಾಗಿ ರೂಪಿಸಿದರೋ ಅದರಲ್ಲಿ ನೂರಕ್ಕೆ ಸುಮಾರು 16 ಮಂದಿ ಇದ್ದೇ ಇರುತ್ತಾರೆ, 70ಕ್ಕಿಂತ ಕಡಿಮೆ ಸುಮಾರು ಇಬ್ಬರು. ಗೆರೆ ಎಳೆದವರು ಮನುಷ್ಯರು. ಆದ್ದರಿಂದ 84 ಬಂದ ಮಗುವಿಗೆ ತೊಂದರೆ, 86 ಬಂದ ಮಗುವಿಗೆ ಇಲ್ಲ ಎಂದು ಹೇಳುವಾಗ ನಾಲಿಗೆ ಸ್ವಲ್ಪ ತಡವರಿಸಬೇಕು. ಅದಕ್ಕಿಂತ ದೊಡ್ಡ ತೊಡಕು ಬೇರೆ ಭಾಷೆಯ ಮಕ್ಕಳಿಗಾಗಿ ರೂಪಿಸಿದ ಪರೀಕ್ಷೆಯನ್ನು ಅನುವಾದಿಸಿ ಬಳಸುವುದು. ಪದದ ಕಷ್ಟ, ವಾಕ್ಯದ ರಚನೆ, ಧ್ವನಿಗಳ ಜೋಡಣೆ ಎಲ್ಲವೂ ಭಾಷೆಯಿಂದ ಭಾಷೆಗೆ ಬದಲಾಗುತ್ತವೆ. ಅನುವಾದದಿಂದ ಬಂದ ಅಂಕವನ್ನು ಆ ಪರೀಕ್ಷೆಯ ಕೋಷ್ಟಕದಲ್ಲಿ ಹುಡುಕಿದರೆ ಸಿಗುವುದು ಒಂದು ಸಂಖ್ಯೆ ಮಾತ್ರ, ಅದಕ್ಕೆ ಅರ್ಥವಿಲ್ಲ.

ಎರಡು ಮೂರು ಭಾಷೆಗಳ ನಡುವೆ ಬೆಳೆಯುವ ಮಗುವಿನ ವಿಷಯದಲ್ಲಿ ಹೊಸಬರು ವಿಶೇಷ ಎಚ್ಚರ ವಹಿಸಬೇಕು. ಒಂದೇ ವಾಕ್ಯದಲ್ಲಿ ಎರಡು ಭಾಷೆ ಬೆರೆಸುವುದು ರೋಗಲಕ್ಷಣವಲ್ಲ. ಶಾಲೆಯ ಭಾಷೆ ಇನ್ನೂ ಕಲಿಯುತ್ತಿರುವುದೂ ಅಲ್ಲ. ನಿಜವಾದ ಭಾಷಾ ತೊಂದರೆ ಇದ್ದರೆ ಅದು ಮಗುವಿನ ಎಲ್ಲ ಭಾಷೆಗಳಲ್ಲೂ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಮನೆಯ ಭಾಷೆಯಲ್ಲಿ ಮಗು ಹೇಗೆ ಮಾತಾಡುತ್ತದೆ, ಒಡಹುಟ್ಟಿದವರಿಗೆ ಹೋಲಿಸಿದರೆ ಹೇಗೆ ಎಂದು ಮನೆಯವರನ್ನು ಕೇಳದೆ ಯಾವ ವರದಿಗೂ ಸಹಿ ಹಾಕಬೇಡಿ. ನಂಬಲರ್ಹವಾದ ಪರೀಕ್ಷೆ ಇಲ್ಲದಿದ್ದಾಗ ಮೊದಲು ಪರೀಕ್ಷಿಸಿ, ಒಂದೆರಡು ಬಾರಿ ಕಲಿಸಿ, ಮತ್ತೆ ಪರೀಕ್ಷಿಸಿ. ಕಲಿಸಿದ್ದನ್ನು ಬೇಗ ಹಿಡಿದ ಮಗುವಿಗೆ ಅವಕಾಶ ಸಿಕ್ಕಿರಲಿಲ್ಲ; ಬಹಳ ಹೆಣಗಿದ ಮಗುವಿಗೆ ನಿಮ್ಮ ನೆರವು ಬೇಕು. ಇನ್ನು, ‘ಮನೆಯಲ್ಲಿ ನಿಮ್ಮ ಭಾಷೆ ಬಿಟ್ಟು ಶಾಲೆಯ ಭಾಷೆಯನ್ನೇ ಮಾತಾಡಿ’ ಎಂದು ಪೋಷಕರಿಗೆ ಹೇಳುವ ಸಲಹೆ ಈಗಲೂ ಅಲ್ಲಲ್ಲಿ ಕೇಳಿಬರುತ್ತದೆ. ಅದಕ್ಕೆ ಆಧಾರವಿಲ್ಲ. ತಾಯಿ ತಂದೆ ಮಗುವಿನೊಂದಿಗೆ ಸಲೀಸಾಗಿ ಮಾತಾಡುವ ದಾರಿಯನ್ನು ಮುಚ್ಚಿ ಭಾಷೆ ಬೆಳೆಸುವುದು ಹೇಗೆ?

ಉಚ್ಚಾರಣೆಯ ಮಕ್ಕಳ ಬಗ್ಗೆ ನಿಮಗೆ ತರಬೇತಿ ಚೆನ್ನಾಗಿಯೇ ಆಗಿರುತ್ತದೆ, ಆದ್ದರಿಂದ ಚುಟುಕಾಗಿ ಹೇಳುತ್ತೇನೆ. ಶರಿನ್ ಮೆಕ್ಲಿಯಡ್ ಮತ್ತು ಕ್ಯಾಥರಿನ್ ಕ್ರೋ ಎಂಬ ಸಂಶೋಧಕಿಯರು 2018ರಲ್ಲಿ 27 ಭಾಷೆಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಐದು ವರ್ಷ ತುಂಬುವ ಹೊತ್ತಿಗೆ ಮಕ್ಕಳು ಹೆಚ್ಚಿನ ವ್ಯಂಜನಗಳನ್ನು ಕಲಿತಿರುತ್ತಾರೆ ಎಂದು ತಿಳಿದುಬಂತು. ‘ದೊಡ್ಡವನಾದಂತೆ ಸರಿಹೋಗುತ್ತದೆ’ ಎಂದು ಏಳು ವರ್ಷದವನನ್ನು ಕಾಯಿಸುವುದಕ್ಕೆ ಇದು ಉತ್ತರ. ಬಿಡಿ ಧ್ವನಿಯಿಂದ ಅಕ್ಷರ, ಪದ, ವಾಕ್ಯ, ಮಾತುಕತೆ ಎಂದು ಮೇಲೇರುವ, ವಾಕ್ ಚಿಕಿತ್ಸಕ ಚಾರ್ಲ್ಸ್ ವ್ಯಾನ್ ರೈಪರ್ ಅವರ ಮೆಟ್ಟಿಲು ಇಂದಿಗೂ ಕೆಲಸಕ್ಕೆ ಬರುತ್ತದೆ. ಆದರೆ ಮಕ್ಕಳು ಸಿಕ್ಕಿಹಾಕಿಕೊಳ್ಳುವುದು ಕೊನೆಯ ಮೆಟ್ಟಿಲಲ್ಲಿ. ನಿಮ್ಮ ಕೊಠಡಿಯಲ್ಲಿ ನೂರಕ್ಕೆ ತೊಂಬತ್ತು ಸರಿ, ಬಾಗಿಲು ದಾಟಿದರೆ ಹಳೆಯದೇ. ಆ ಮಟ್ಟ ತಲುಪಿದವರನ್ನು ಕೊಠಡಿಯಲ್ಲಿ ಇಟ್ಟುಕೊಳ್ಳಬೇಡಿ. ಹಾಜರಿ ಕೂಗುವಾಗ, ಗಟ್ಟಿಯಾಗಿ ಓದುವಾಗ ಅಭ್ಯಾಸ ನಡೆಯಲಿ. ಬಾಯಿ ಊದಿಸುವುದು, ಸ್ಟ್ರಾ ಹೀರಿಸುವುದು, ನಾಲಿಗೆ ಮೇಲೆ ಕೆಳಗೆ ಆಡಿಸುವುದು ಇವುಗಳಿಂದ ಉಚ್ಚಾರ ತಿದ್ದಬಹುದು ಎಂಬುದಕ್ಕೆ ಪುರಾವೆ ಸಿಕ್ಕಿಲ್ಲ. ನೋಡುವವರಿಗೆ ಏನೋ ನಡೆಯುತ್ತಿದೆ ಅನ್ನಿಸುತ್ತದೆ, ಅಷ್ಟೇ ಅದರ ಲಾಭ. ಆ ಹೊತ್ತನ್ನು ಮಗು ಗುರಿಯ ಧ್ವನಿಯನ್ನು ಹೆಚ್ಚು ಬಾರಿ ಹೇಳುವುದಕ್ಕೆ ಬಳಸಿ. ಹತ್ತು ನಿಮಿಷದ ಆಟದಲ್ಲಿ ಆರು ಸಲ ಧ್ವನಿ ಹೊರಡಿಸಿದ ಮಗು ಆಡಿತು ಎನ್ನಬಹುದು, ಅಭ್ಯಾಸ ಮಾಡಿತು ಎನ್ನಲಾಗದು.

ಉಗ್ಗುವ ಮಕ್ಕಳ ವಿಷಯದಲ್ಲಿ ನಿಮ್ಮ ಕೆಲಸದ ಅರ್ಧಕ್ಕಿಂತ ಹೆಚ್ಚು ಭಾಗ ದೊಡ್ಡವರ ಜೊತೆಗೇ. ‘ನಿಧಾನವಾಗಿ ಹೇಳು’, ‘ಉಸಿರು ಎಳೆದುಕೊಂಡು ಹೇಳು’ ಎನ್ನುವ ಶಿಕ್ಷಕರ ಮನಸ್ಸು ಒಳ್ಳೆಯದೇ. ಮಗುವಿಗೆ ಕೇಳಿಸುವುದು ಮಾತ್ರ ನೀನು ತಪ್ಪು ಮಾಡುತ್ತಿದ್ದೀಯ ಎಂದು. ಗಟ್ಟಿಯಾಗಿ ಓದುವ ಸರದಿ ಯಾವಾಗ ಬರಬೇಕು, ಮೊದಲೋ ಕೊನೆಯೋ, ಜೊತೆಗಾರನೊಂದಿಗೆ ಓದಬೇಕೋ ಒಬ್ಬನೇ ಓದಬೇಕೋ ಎಂದು ಆ ಮಗುವನ್ನೇ ಕೇಳಿ ಶಿಕ್ಷಕರಿಗೆ ತಿಳಿಸಿ. ಓದಿಸುವುದನ್ನೇ ನಿಲ್ಲಿಸುವುದು ಪರಿಹಾರವಲ್ಲ. ಅಣಕಿಸುವವರು ಇದ್ದಾರೆಯೇ ಎಂಬುದನ್ನೂ ತಿಳಿದುಕೊಳ್ಳಿ. ಎಷ್ಟು ಸಲ ಉಗ್ಗಿದ ಎಂದು ಎಣಿಸುವ ಹಾಳೆಯಲ್ಲಿ ಇದಕ್ಕೆ ಜಾಗವಿರುವುದಿಲ್ಲ, ಆದರೆ ಆ ಹುಡುಗನ ಶಾಲಾ ಜೀವನವನ್ನು ನಿರ್ಧರಿಸುವುದು ಇದೇ.

ಮಾತು ಬಾರದ ಮಕ್ಕಳಿಗೆ ಚಿತ್ರ ಮುಟ್ಟಿ ಹೇಳಬೇಕಾದದ್ದನ್ನು ತಿಳಿಸುವ ಫಲಕ ಅಥವಾ ಟ್ಯಾಬ್ ಕೊಟ್ಟರೆ ಮಾತು ಬರುವುದೇ ನಿಂತುಹೋಗುತ್ತದೆ ಎಂದು ಪೋಷಕರು ಹೆದರುತ್ತಾರೆ. ಈ ಭಯಕ್ಕೆ ಸ್ಪಷ್ಟ ಉತ್ತರ ನಿಮ್ಮ ಬಳಿ ಇರಲಿ: 2006ರಲ್ಲಿ ಪ್ರಕಟವಾದ, ಈಗಲೂ ಉಲ್ಲೇಖಿಸಲ್ಪಡುವ ಸಂಶೋಧನಾ ವಿಮರ್ಶೆಯೊಂದರಲ್ಲಿ ಗಟ್ಟಿ ಪುರಾವೆ ಇದ್ದ ಪ್ರಕರಣಗಳಲ್ಲಿ ಯಾರ ಮಾತೂ ಕುಗ್ಗಿರಲಿಲ್ಲ, ಹೆಚ್ಚಿನವರ ಮಾತು ಅಷ್ಟಿಷ್ಟು ಹೆಚ್ಚಿತ್ತು. ಶಾಲೆಗಳಲ್ಲಿ ನಾನು ಕಾಣುವ ನಿಜವಾದ ಸಮಸ್ಯೆ ಬೇರೆ. ಆ ಫಲಕ ಥೆರಪಿಸ್ಟರ ಬೀರುವಿನಲ್ಲಿರುತ್ತದೆ. ಮಗುವಿನ ನಾಲಿಗೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಂತೆ ಅದು. ತರಗತಿಯಲ್ಲಿ, ಆಟದ ಮೈದಾನದಲ್ಲಿ, ಊಟದ ಹೊತ್ತಿನಲ್ಲಿ ಫಲಕ ಮಗುವಿನ ಕೈಗೆ ಸಿಗುವಂತಿರಬೇಕು. ಸುತ್ತಲಿನ ದೊಡ್ಡವರು ತಾವು ಮಾತಾಡುವಾಗಲೂ ಅದೇ ಚಿತ್ರಗಳನ್ನು ಮುಟ್ಟಿ ತೋರಿಸುತ್ತಿರಬೇಕು. ಯಾರೂ ಬಳಸದ ಭಾಷೆಯನ್ನು ಮಗು ಮಾತ್ರ ಬಳಸಲಿ ಎಂದು ನಿರೀಕ್ಷಿಸುವುದು ನ್ಯಾಯವಲ್ಲ.

ಗುರಿ ಬರೆಯುವುದರಲ್ಲಿ ಶಾಲೆಯ ಥೆರಪಿಸ್ಟರ ಬುದ್ಧಿ ಗೊತ್ತಾಗುತ್ತದೆ. ‘ಮಗು ಗ್ರಹಣ ಭಾಷೆಯನ್ನು (ಕೇಳಿದ್ದನ್ನು ಅರ್ಥಮಾಡಿಕೊಳ್ಳುವುದನ್ನು) ಸುಧಾರಿಸಿಕೊಳ್ಳುತ್ತದೆ’ ಎಂದು ಬರೆದರೆ ಅದು ಗುರಿಯಲ್ಲ, ಹಾರೈಕೆ. ‘ವಿಜ್ಞಾನ ಪಾಠದಲ್ಲಿ ಎರಡು ಹಂತದ ಸೂಚನೆ ಕೊಟ್ಟಾಗ, ಪಕ್ಕದವರನ್ನು ನೋಡದೆ, ಐದರಲ್ಲಿ ನಾಲ್ಕು ಬಾರಿ ಪಾಲಿಸುತ್ತದೆ, ಅರ್ಥವಾಗದಿದ್ದರೆ ಮತ್ತೆ ಹೇಳಲು ಶಿಕ್ಷಕರನ್ನು ಕೇಳುತ್ತದೆ’ ಎಂದು ಬರೆಯಿರಿ. ಇದನ್ನು ಓದಿದ ಶಿಕ್ಷಕರಿಗೆ ತಾವು ಏನನ್ನು ಗಮನಿಸಬೇಕೆಂದು ಗೊತ್ತಾಗುತ್ತದೆ, ತಾಯಿಗೂ ಗೊತ್ತಾಗುತ್ತದೆ. ಒಂದು ಮಗುವಿಗೆ ಎರಡು ಅಥವಾ ಮೂರು ಗುರಿ ಸಾಕು. ಎಂಟು ಗುರಿ ಬರೆದವರು ಯಾವುದನ್ನೂ ಅಳೆಯುವುದಿಲ್ಲ. ಪ್ರತಿ ಉತ್ತರವನ್ನೂ ಗುರುತು ಹಾಕುತ್ತಾ ಕುಳಿತರೆ ಮಗುವಿನ ಮುಖ ನೋಡಲು ಪುರುಸೊತ್ತಿರುವುದಿಲ್ಲ. ಅವಧಿಯ ಆರಂಭದ ಹತ್ತು ಉತ್ತರಗಳನ್ನು ದಾಖಲಿಸಿ ಉಳಿದ ಹೊತ್ತು ಕಲಿಸಿ. ಟಿಪ್ಪಣಿಯನ್ನು ಅಂದೇ ಬರೆದು ಮುಗಿಸಿ.

ವೇಳಾಪಟ್ಟಿ ನಿಮಗೆ ತಲೆನೋವು ತರುತ್ತದೆ, ಅದನ್ನು ಯಾರೂ ತಪ್ಪಿಸಲಾರರು. ಗುಂಪು ಮಾಡಲೇಬೇಕಾಗುತ್ತದೆ. ಒಂದೇ ತರಗತಿ ಎಂಬ ಕಾರಣಕ್ಕೆ ಗುಂಪು ಮಾಡುವುದಕ್ಕಿಂತ ಗುರಿ ಹತ್ತಿರವಿರುವವರನ್ನು ಸೇರಿಸಿದರೆ ಒಳ್ಳೆಯದು. ಯಾವ ಮಗುವನ್ನೂ ಆಟದ ಅವಧಿಯಿಂದ, ಚಿತ್ರಕಲೆಯಿಂದ ಎಬ್ಬಿಸಬೇಡಿ. ಓದಿನಲ್ಲಿ ಹಿಂದೆ ಬಿದ್ದ ಮಗುವಿಗೆ ತಾನು ಗೆಲ್ಲುವ ಜಾಗ ಅದೊಂದೇ ಇರಬಹುದು. ಪ್ರತಿ ವಾರ ಗಣಿತದಿಂದಲೇ ಎಬ್ಬಿಸಿದರೆ ಗಣಿತದ ಶಿಕ್ಷಕರು ನಿಮ್ಮ ವಿರೋಧಿಯಾಗುತ್ತಾರೆ, ಅವರ ಕಡೆ ನ್ಯಾಯವೂ ಇರುತ್ತದೆ. ವಾರದಲ್ಲಿ ಕೆಲವು ಗಂಟೆಗಳನ್ನು ತರಗತಿಯೊಳಗಿನ ಕೆಲಸಕ್ಕೂ ಬರವಣಿಗೆಗೂ ಮೊದಲೇ ಕಾದಿರಿಸಿ, ವೇಳಾಪಟ್ಟಿಯಲ್ಲಿ ಕಾಣುವಂತೆ ಬರೆಯಿರಿ. ಖಾಲಿ ಕಾಣುವ ಅವಧಿಯನ್ನು ಶಾಲೆ ಬೇರೆ ಕೆಲಸಕ್ಕೆ ತುಂಬಿಸಿಬಿಡುತ್ತದೆ.

ಶಿಕ್ಷಕರೊಂದಿಗೆ ಸಂಬಂಧ ಬೆಳೆಸಲು ತರಬೇತಿ ಶಿಬಿರ ಏರ್ಪಡಿಸಬೇಕೆಂದು ಹೊಸಬರಿಗೆ ಉತ್ಸಾಹ ಬರುತ್ತದೆ. ಮೊದಲ ವರ್ಷ ಬೇಡ. ಪಾಠ ಮಾಡಿ ದಣಿದವರ ಮುಂದೆ ಇಪ್ಪತ್ತೈದರ ಹರೆಯದವರು ಸ್ಲೈಡ್ ತೋರಿಸಿದರೆ ಏನಾಗುತ್ತದೋ ಅದೇ ಆಗುತ್ತದೆ. ಒಬ್ಬ ಶಿಕ್ಷಕರಿಗೆ, ಒಂದು ಮಗುವಿಗಾಗಿ, ಮರುದಿನವೇ ಮಾಡಬಹುದಾದ ಒಂದು ಕೆಲಸ ಹೇಳಿ. ಕಾಯುವುದು ಅಂಥ ಕೆಲಸಗಳಲ್ಲಿ ಶ್ರೇಷ್ಠವಾದದ್ದು. ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳನ್ನು ಧ್ವನಿಮುದ್ರಿಸಿ ಅಳೆದಾಗ, ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕಾಗಿ ಕಾಯುತ್ತಿದ್ದದ್ದು ಒಂದು ಸೆಕೆಂಡಿನ ಆಸುಪಾಸು ಎಂದು ಕಂಡರು. ಅದನ್ನು ಮೂರು ಸೆಕೆಂಡು ಅಥವಾ ಹೆಚ್ಚು ಮಾಡಿದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳೂ ಮಾತಾಡತೊಡಗಿದರು. ಭಾಷಾ ತೊಂದರೆ ಇರುವ ಮಗುವಿಗೆ ಇದರಷ್ಟು ಅಗ್ಗದ ಸಹಾಯ ಇನ್ನೊಂದಿಲ್ಲ, ಮತ್ತು ಅದರ ಫಲ ಶಿಕ್ಷಕರ ಕಣ್ಣಿಗೇ ಬೀಳುತ್ತದೆ. ಮುಂದಿನ ಬಾರಿ ಅವರೇ ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ.

ಒಬ್ಬರೇ ಇರುವುದು ನಿಮ್ಮ ಸ್ಥಿತಿಯಲ್ಲಿ ನಿಜವಾಗಿ ಚಿಂತೆ ಮಾಡಬೇಕಾದ ಅಂಶ. ನಿಯಮಗಳು ದೇಶದಿಂದ ದೇಶಕ್ಕೆ ಬೇರೆ. ನೋಂದಣಿ, ಮೊದಲ ವರ್ಷದ ಮೇಲ್ವಿಚಾರಣೆ ಇವುಗಳ ಬಗ್ಗೆ ನಿಮ್ಮಲ್ಲಿನ ಕಾನೂನು ಏನು ಹೇಳುತ್ತದೆ ಎಂದು ಕೆಲಸಕ್ಕೆ ಸೇರುವ ಮುನ್ನವೇ ನೋಡಿಕೊಳ್ಳಿ. ಕಾನೂನು ಕೇಳದಿದ್ದರೂ ಒಬ್ಬ ಹಿರಿಯರನ್ನು ಹುಡುಕಿ ತಿಂಗಳಿಗೆ ಎರಡು ಬಾರಿಯಾದರೂ ಮಾತಾಡುವ ಏರ್ಪಾಡು ಮಾಡಿಕೊಳ್ಳಿ. ಅದಕ್ಕೆ ಬೇಕಾದ ಸಮಯವನ್ನು ಶಾಲೆ ಕೊಡುತ್ತದೆಯೇ, ಬಾಗಿಲು ಮುಚ್ಚಬಹುದಾದ ಕೊಠಡಿ ಇದೆಯೇ, ಪಟ್ಟಿಗೆ ಹೊಸ ಹೆಸರು ಸೇರಿಸುವ ಅಧಿಕಾರ ಯಾರದು ಎಂದು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಕೆಲವು ವಿಷಯಗಳಲ್ಲಿ ಒಬ್ಬರೇ ಮುಂದುವರಿಯಬಾರದು. ಊಟ ಮಾಡುವಾಗ ಕೆಮ್ಮುವ, ಉಸಿರು ಸಿಕ್ಕಿಕೊಳ್ಳುವ ಮಗುವನ್ನು ವೈದ್ಯರು ನೋಡಲಿ. ವಾರಗಟ್ಟಲೆ ಗಂಟಲು ಒಡೆದಂತೆ ಮಾತಾಡುವ ಮಗುವಿನ ಧ್ವನಿಪೆಟ್ಟಿಗೆಯನ್ನು ಕಿವಿ ಮೂಗು ಗಂಟಲಿನ ವೈದ್ಯರು ನೋಡುವವರೆಗೆ ಧ್ವನಿ ಚಿಕಿತ್ಸೆ ಆರಂಭಿಸಬೇಡಿ. ಮನೆಯಲ್ಲಿ ಚೆನ್ನಾಗಿ ಮಾತಾಡಿ ಶಾಲೆಯಲ್ಲಿ ಮಾತ್ರ ಮೌನವಾಗಿರುವ ಮಗುವಿನದು ಆತಂಕಕ್ಕೆ ಸೇರಿದ ಸ್ಥಿತಿ. ಮನಶ್ಶಾಸ್ತ್ರಜ್ಞರ ಜೊತೆಗೂಡಿ ಕೆಲಸ ಮಾಡಿ. ಆದರೆ ಶಾಲೆಗೆ ಸೇರಿದ ಮೊದಲ ತಿಂಗಳಿನ ಮೌನವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಹೊಸ ಜಾಗದಲ್ಲಿ ಎಷ್ಟೋ ಮಕ್ಕಳು ಸುಮ್ಮನಿರುತ್ತಾರೆ.

ಕೊಳ್ಳಬೇಕಾದದ್ದರ ಬಗ್ಗೆ ಕೇಳಿದ್ದಿರಿ. ಶಾಲಾ ವರ್ಷದ ಮೊದಲ ಅವಧಿಯಲ್ಲಿ ಏನನ್ನೂ ಕೊಳ್ಳಬೇಡಿ. ಹಿಂದಿನವರ ಬೀರುವಿನಲ್ಲಿ ಏನಿದೆ, ಅದು ಯಾವ ಭಾಷೆಯ, ಯಾವ ವಯಸ್ಸಿನ ಮಕ್ಕಳಿಗಾಗಿ ರೂಪಿಸಿದ್ದು, ಯಾವ ವರ್ಷದ್ದು ಎಂದು ಪಟ್ಟಿ ಮಾಡಿ. ಪೋಷಕರ ಒಪ್ಪಿಗೆ ಪಡೆದು, ಪ್ರತಿ ಮಗು ತನಗಿಷ್ಟವಾದ ವಿಷಯದ ಬಗ್ಗೆ ಐದು ನಿಮಿಷ ಮಾತಾಡಿದ್ದನ್ನು ಧ್ವನಿಮುದ್ರಿಸಿಕೊಳ್ಳಿ. ಅದಕ್ಕೆ ಇರುವ ಉಪಕರಣವೇ ಸಾಕು. ಕಡತಗಳನ್ನು ಕಾಪಾಡುವಷ್ಟೇ ಜೋಪಾನವಾಗಿ ಅದನ್ನೂ ಇಡಿ. ವರ್ಷದ ಕೊನೆಯಲ್ಲಿ ಅದೇ ಐದು ನಿಮಿಷವನ್ನು ಮತ್ತೆ ಮುದ್ರಿಸಿ ಎರಡನ್ನೂ ಪೋಷಕರಿಗೆ ಕೇಳಿಸಿದರೆ ನಿಮ್ಮ ವರದಿ ಅರ್ಧ ಬರೆದಂತೆಯೇ. ಚಿತ್ರಗಳಿಗೆ, ಪದಗಳಿಗೆ, ಕಥೆಗಳಿಗೆ ಮಕ್ಕಳ ಪಠ್ಯಪುಸ್ತಕಗಳನ್ನೇ ಬಳಸಿ. ಅವು ಉಚಿತವಾಗಿ ಸಿಗುತ್ತವೆ, ಶಿಕ್ಷಕರು ಆ ವಾರ ಕಲಿಸುತ್ತಿರುವ ಪದಗಳೇ ಅದರಲ್ಲಿರುತ್ತವೆ. ಎರಡನೇ ಅವಧಿಯ ಹೊತ್ತಿಗೆ ಯಾವ ವಯಸ್ಸಿನ, ಯಾವ ಬಗೆಯ ಮಕ್ಕಳು ಹೆಚ್ಚಿದ್ದಾರೆ ಎಂದು ತಿಳಿದಿರುತ್ತದೆ. ಆಗ ಆ ಮಕ್ಕಳ ಭಾಷೆಗೆ ಹೊಂದುವ ಒಂದೇ ಒಂದು ಪರೀಕ್ಷೆ ಕೊಳ್ಳಲು ಮುಖ್ಯೋಪಾಧ್ಯಾಯರಿಗೆ ಅರ್ಜಿ ಬರೆಯಿರಿ.